ತಪ್ಪಿಗೂ ಒಂದು ಹೆಸರು: ಪಿಎಚ್‌ಪಿಯ ಕಸ್ಟಮ್ ಎಕ್ಸೆಪ್ಷನ್ ಸೌಲಭ್ಯದ ವಿಮರ್ಶೆ

ವಹಿಸಿದ ಕೆಲಸವನ್ನು ಮಾಡಲಾಗದೆ ಹೋದ ಫಂಕ್ಷನ್, ತನ್ನನ್ನು ಕರೆದ ಕೋಡಿಗೆ ಆ ಸುದ್ದಿಯನ್ನು ಹೇಗೆ ಮುಟ್ಟಿಸಬೇಕು ಎಂಬ ಪ್ರಶ್ನೆಗೆ ವೆಬ್‌ತಾಣಗಳ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿ ಬಹುಕಾಲ ಕೊಡುತ್ತ ಬಂದ ಉತ್ತರ ‘ಫಾಲ್ಸ್’, ಅಂದರೆ ‘ಸುಳ್ಳು’ ಎಂಬ ಒಂದೇ ಮೌಲ್ಯ. ಫೈಲ್ ತೆರೆಯಲಾಗದಿದ್ದರೆ ಫಾಲ್ಸ್, ಡೇಟಾಬೇಸ್ ಸಂಪರ್ಕ ಸಿಗದಿದ್ದರೆ ಫಾಲ್ಸ್, ವಾಕ್ಯದೊಳಗೆ ಹುಡುಕಿದ ಪದ ಕಾಣದಿದ್ದರೆ ಅದಕ್ಕೂ ಫಾಲ್ಸ್. ಏಕೆ ಆಗಲಿಲ್ಲ, ಎಲ್ಲಿ ಕೆಟ್ಟಿತು, ಇನ್ನೊಮ್ಮೆ ಪ್ರಯತ್ನಿಸಿದರೆ ಪ್ರಯೋಜನವಿದೆಯೇ ಎಂಬ ಯಾವ ಮಾಹಿತಿಯೂ ಅದರಲ್ಲಿ ಇರುವುದಿಲ್ಲ. ಪರಿಶೀಲಿಸಲು ಮರೆತೆವೆಂದರೆ ಪ್ರೋಗ್ರಾಮ್ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗಿ, ತಪ್ಪು ನಡೆದ ಜಾಗದಿಂದ ಬಹುದೂರದಲ್ಲಿ, ಅದಕ್ಕೆ ಸಂಬಂಧವೇ ಇಲ್ಲದ ಸಾಲಿನಲ್ಲಿ ಮುಗ್ಗರಿಸುತ್ತದೆ. 2004ರ ಜುಲೈನಲ್ಲಿ ಬಂದ 5.0 ಆವೃತ್ತಿಯು ಟ್ರೈ, ಥ್ರೋ, ಕ್ಯಾಚ್ ಎಂಬ ಮೂರು ಪದಗಳನ್ನು ಭಾಷೆಗೆ ತಂದಿತು. ಅಂದಿನಿಂದ ತಪ್ಪನ್ನು ‘ಎಕ್ಸೆಪ್ಷನ್’ ಎಂಬ ಒಂದು ವಸ್ತುವಾಗಿ ಎಸೆಯಬಹುದು, ಬೇಕಾದ ಜಾಗದಲ್ಲಿ ಹಿಡಿಯಬಹುದು, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕೆಲಸಕ್ಕೆ ಹೊಂದುವ ಹೆಸರನ್ನು ಆ ತಪ್ಪಿಗೆ ಇಡಬಹುದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿದಿನ ಬಳಸಿದ ಮೇಲೆ ಈ ಸೌಲಭ್ಯದ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವೇ ಹೆಸರಿಟ್ಟು ಬರೆದುಕೊಳ್ಳುವ ಎಕ್ಸೆಪ್ಷನ್ ಕ್ಲಾಸುಗಳೇ (ಕ್ಲಾಸ್ ಎಂದರೆ ವಸ್ತುಗಳನ್ನು ರಚಿಸುವ ಅಚ್ಚು) ಪಿಎಚ್‌ಪಿಯ ಅತ್ಯುತ್ತಮ ಭಾಗಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಆದರೆ ಅವುಗಳ ಸುತ್ತ ಭಾಷೆ ಉಳಿಸಿಕೊಂಡಿರುವ ಕೆಲವು ಗುಂಡಿಗಳನ್ನು ತಿಳಿಯದೆ ನಡೆದವರು ಬೀಳುವುದು ಖಂಡಿತ.

ಮೊದಲು ಬಳಕೆಯ ಸರಳತೆಯನ್ನು ಹೇಳಬೇಕು. ಕಸ್ಟಮ್ ಎಕ್ಸೆಪ್ಷನ್ ಎಂದರೆ ಭಾಷೆಯಲ್ಲಿ ಮೊದಲೇ ಇರುವ ‘ಎಕ್ಸೆಪ್ಷನ್’ ಕ್ಲಾಸನ್ನು, ಅಥವಾ ಅದರ ಸಂತತಿಯಲ್ಲಿ ಯಾವುದಾದರೊಂದನ್ನು, ವಿಸ್ತರಿಸಿದ ಒಂದು ಹೊಸ ಕ್ಲಾಸ್. ಅದರ ಒಡಲು ಪೂರ್ತಿ ಖಾಲಿಯಿದ್ದರೂ ಸಾಕು, ಹೆಸರೇ ಅದರ ಕೆಲಸ ಮಾಡುತ್ತದೆ. ಗ್ರಂಥಾಲಯದ ಪುಸ್ತಕಗಳನ್ನು ಕಾಯ್ದಿರಿಸುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳೋಣ. ಕೇಳಿದ ಪುಸ್ತಕದ ಎಲ್ಲ ಪ್ರತಿಗಳೂ ಎರವಲು ಹೋಗಿರಬಹುದು, ಸದಸ್ಯರ ಅವಧಿ ಮುಗಿದಿರಬಹುದು, ಅಥವಾ ಡೇಟಾಬೇಸೇ ಮಾತಾಡದೆ ಕುಳಿತಿರಬಹುದು. ಕಾಯ್ದಿರಿಸುವ ಫಂಕ್ಷನ್ ಈ ಮೂರಕ್ಕೂ ಫಾಲ್ಸ್ ಎಂದು ಉತ್ತರಿಸಿದರೆ ಪರದೆಯ ಮೇಲೆ ‘ಏನೋ ತಪ್ಪಾಗಿದೆ’ ಎಂದಲ್ಲದೆ ಬೇರೇನನ್ನೂ ತೋರಿಸಲು ಸಾಧ್ಯವಿಲ್ಲ. ಮೂರಕ್ಕೂ ಮೂರು ಕ್ಲಾಸುಗಳಿದ್ದರೆ, ಮೊದಲನೆಯದನ್ನು ಹಿಡಿದ ಜಾಗದಲ್ಲಿ ಸರದಿಗೆ ಹೆಸರು ಬರೆಸುವ ಅವಕಾಶ ಕೊಡಬಹುದು, ಎರಡನೆಯದಕ್ಕೆ ನವೀಕರಣದ ಪುಟ ತೋರಿಸಬಹುದು, ಮೂರನೆಯದನ್ನು ಲಾಗ್‌ನಲ್ಲಿ, ಅಂದರೆ ಆಗುಹೋಗುಗಳ ದಾಖಲೆಯಲ್ಲಿ, ಬರೆದು ನಿರ್ವಾಹಕರಿಗೆ ಸುದ್ದಿ ಕಳಿಸಬಹುದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಎಸೆಯುವ ಜಾಗಕ್ಕೆ ಪರಿಹಾರ ಗೊತ್ತಿರಬೇಕಾಗಿಲ್ಲ ಮತ್ತು ಹಿಡಿಯುವ ಜಾಗಕ್ಕೆ ಒಳಗಿನ ವಿವರ ಗೊತ್ತಿರಬೇಕಾಗಿಲ್ಲ. ನಡುವೆ ಹತ್ತು ಫಂಕ್ಷನ್‌ಗಳು ಇದ್ದರೂ ಎಕ್ಸೆಪ್ಷನ್ ಅವುಗಳನ್ನೆಲ್ಲ ದಾಟಿ, ತನಗೆ ಹೊಂದುವ ಮೊದಲ ಕ್ಯಾಚ್‌ವರೆಗೆ ಏರಿ ಹೋಗುತ್ತದೆ. ನಡುವಿನವರು ‘ಫಾಲ್ಸ್ ಬಂದರೆ ನಾನೂ ಫಾಲ್ಸ್ ಕೊಡುತ್ತೇನೆ’ ಎಂಬ ಕೈಬದಲಿನ ಕೋಡನ್ನು ಬರೆಯುವ ಅಗತ್ಯವೇ ಇಲ್ಲ. ಹಳೆಯ ಪ್ರಾಜೆಕ್ಟೊಂದರಲ್ಲಿ ಇಂಥ ಕೋಡನ್ನು ಕಿತ್ತುಹಾಕುತ್ತ ಹೋದಾಗ ಫಂಕ್ಷನ್‌ಗಳ ನಿಜವಾದ ಉದ್ದೇಶ ಕಣ್ಣಿಗೆ ಕಾಣತೊಡಗಿದ್ದು ನನಗೆ ಇಂದಿಗೂ ನೆನಪಿದೆ.

ಖಾಲಿ ಕ್ಲಾಸಿನಿಂದ ಒಂದು ಹೆಜ್ಜೆ ಮುಂದೆ ಹೋದರೆ ಎಕ್ಸೆಪ್ಷನ್‌ನ ಒಳಗೆ ಮಾಹಿತಿಯನ್ನೂ ಇಡಬಹುದು. ಪ್ರತಿ ಲಭ್ಯವಿಲ್ಲ ಎಂಬ ಎಕ್ಸೆಪ್ಷನ್ ತನ್ನ ಜೊತೆ ಪುಸ್ತಕದ ಸಂಖ್ಯೆಯನ್ನೂ ಮೊದಲ ಪ್ರತಿ ಹಿಂದಿರುಗಬೇಕಾದ ದಿನಾಂಕವನ್ನೂ ತಂದರೆ, ಹಿಡಿದವರು ಸಂದೇಶದ ಪಠ್ಯವನ್ನು ಕತ್ತರಿಸಿ ಸಂಖ್ಯೆ ಹುಡುಕುವ ದುರ್ಗತಿ ಬರುವುದಿಲ್ಲ. 8.0 ಆವೃತ್ತಿಯಲ್ಲಿ ಬಂದ ಕನ್‌ಸ್ಟ್ರಕ್ಟರ್ ಪ್ರಮೋಷನ್ (ವಸ್ತು ಹುಟ್ಟುವಾಗ ನಡೆಯುವ ಕನ್‌ಸ್ಟ್ರಕ್ಟರ್ ಎಂಬ ಫಂಕ್ಷನ್ನಿನಲ್ಲೇ ಗುಣಗಳನ್ನು ಘೋಷಿಸುವ ಸೌಕರ್ಯ) ಮತ್ತು 8.1ರ ರೀಡ್‌ಓನ್ಲಿ (ಒಮ್ಮೆ ತುಂಬಿದ ಮೇಲೆ ಬದಲಾಗದ) ಗುಣಗಳಿಂದ ಇಂಥ ಕ್ಲಾಸನ್ನು ಐದಾರು ಸಾಲಿನಲ್ಲಿ ಮುಗಿಸಬಹುದು. ಆದರೆ ಸ್ವಂತ ಕನ್‌ಸ್ಟ್ರಕ್ಟರ್ ಬರೆದ ಕೂಡಲೇ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆಯುವ ಹೊಣೆ ನಮ್ಮದಾಗುತ್ತದೆ. ಮರೆತರೆ ಭಾಷೆ ಎಚ್ಚರಿಸುವುದಿಲ್ಲ. ಫೈಲಿನ ಹೆಸರು, ಸಾಲಿನ ಸಂಖ್ಯೆ, ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಇವು ವಸ್ತು ಹುಟ್ಟುವಾಗಲೇ ತುಂಬಿಕೊಳ್ಳುವುದರಿಂದ ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ, ಸಂದೇಶ ಮಾತ್ರ ಖಾಲಿಯಾಗಿರುತ್ತದೆ.

ಹುಟ್ಟುವಾಗ ಎಂದೆನಷ್ಟೇ. ಸಾಲಿನ ಸಂಖ್ಯೆ ದಾಖಲಾಗುವುದು ಎಕ್ಸೆಪ್ಷನ್ ಸೃಷ್ಟಿಯಾದ ಸಾಲಿನದು, ಅದನ್ನು ಎಸೆದ ಸಾಲಿನದಲ್ಲ. ಎಕ್ಸೆಪ್ಷನ್‌ಗಳನ್ನು ಕಟ್ಟಿಕೊಡಲು ಅವುಗಳ ಕ್ಲಾಸಿನೊಳಗೇ ಸ್ಟ್ಯಾಟಿಕ್ ಫಂಕ್ಷನ್ (ವಸ್ತುವಿಲ್ಲದೆಯೇ ಕರೆಯಬಹುದಾದದ್ದು) ಬರೆಯುವ ರೂಢಿ ಒಳ್ಳೆಯದೇ, ಅದರಿಂದ ಸಂದೇಶಗಳೆಲ್ಲ ಒಂದೇ ಕಡೆ ಇರುತ್ತವೆ. ಆದರೆ ಆಗ ಲಾಗ್‌ನ ಮೊದಲ ಸಾಲು ಯಾವಾಗಲೂ ಆ ಕ್ಲಾಸಿನ ಫೈಲನ್ನೇ ತೋರಿಸುತ್ತದೆ. ಟ್ರೇಸ್‌ನಲ್ಲಿ ಒಂದು ಮೆಟ್ಟಿಲು ಕೆಳಗೆ ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು.

ಇನ್ನು ಈ ಸೌಲಭ್ಯದಲ್ಲಿ ನಾನು ಅತ್ಯಂತ ಬೆಲೆಕೊಡುವ ಭಾಗಕ್ಕೆ ಬರುತ್ತೇನೆ. 5.3 ಆವೃತ್ತಿಯಿಂದ ಎಕ್ಸೆಪ್ಷನ್‌ನ ಕನ್‌ಸ್ಟ್ರಕ್ಟರ್ ಸಂದೇಶ ಮತ್ತು ಕೋಡ್ ಸಂಖ್ಯೆಗಳ ನಂತರ ‘ಪ್ರೀವಿಯಸ್’ ಎಂಬ ಮೂರನೆಯ ಮೌಲ್ಯವನ್ನು ಸ್ವೀಕರಿಸುತ್ತದೆ. ಡೇಟಾಬೇಸ್ ಎಸೆದ ಎಕ್ಸೆಪ್ಷನ್ನನ್ನು ಹಿಡಿದು, ಅದನ್ನು ಈ ಮೂರನೆಯ ಜಾಗದಲ್ಲಿ ಇರಿಸಿ, ‘ಕಾಯ್ದಿರಿಸಲಾಗಲಿಲ್ಲ’ ಎಂಬ ನಮ್ಮದೇ ಎಕ್ಸೆಪ್ಷನ್ನನ್ನು ಎಸೆದರೆ, ಮೇಲಿನವರಿಗೆ ಅವರ ಭಾಷೆಯಲ್ಲಿ ಸುದ್ದಿ ಮುಟ್ಟುತ್ತದೆ, ಮೂಲ ಕಾರಣವೂ ಸರಪಳಿಯ ಕೊಂಡಿಯಾಗಿ ಉಳಿಯುತ್ತದೆ. ಹಿಡಿಯದೆ ಬಿಟ್ಟ ಎಕ್ಸೆಪ್ಷನ್ ಲಾಗ್ ಸೇರುವಾಗ ಪಿಎಚ್‌ಪಿ ಇಡೀ ಸರಪಳಿಯನ್ನು, ಮೂಲ ಕಾರಣದಿಂದ ಆರಂಭಿಸಿ, ಮುದ್ರಿಸುತ್ತದೆ. ಈ ಮೂರನೆಯ ಮೌಲ್ಯವನ್ನು ಕೊಡದೆ ಬರೀ ಸಂದೇಶವನ್ನು ನಕಲಿಸಿ ಹೊಸ ಎಕ್ಸೆಪ್ಷನ್ ಎಸೆಯುವ ಕೋಡನ್ನು ಇಂದಿಗೂ ಎಷ್ಟೋ ಕಡೆ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕೈಯಲ್ಲಿದ್ದ ಸಾಕ್ಷ್ಯವನ್ನು ತಾವೇ ಸುಟ್ಟುಹಾಕಿದಂತೆ ಅದು.

ಆದರೆ ಸರಪಳಿ ಕಟ್ಟುವ ಈ ಜಾಗದಲ್ಲೇ ಒಂದು ಆಳವಾದ ಗುಂಡಿಯಿದೆ, ಅದರಲ್ಲಿ ಬಿದ್ದವನು ನಾನು. ಎರಡನೆಯ ಮೌಲ್ಯವಾದ ಕೋಡ್ ಪೂರ್ಣಾಂಕವಾಗಿರಬೇಕು ಎಂಬುದು ಮೂಲ ಕ್ಲಾಸಿನ ನಿಯಮ. ಪಿಡಿಒ ಎಂಬ ಡೇಟಾಬೇಸ್ ವಿಸ್ತರಣೆಯ ಎಕ್ಸೆಪ್ಷನ್ ಈ ನಿಯಮಕ್ಕೆ ಹೊರತು. ಅದರ ಕೋಡ್ ಹಲವು ವೇಳೆ ಐದು ಅಕ್ಷರಗಳ ಎಸ್‌ಕ್ಯುಎಲ್‌ಸ್ಟೇಟ್ ಸಂಕೇತ, ಅಂದರೆ ಪಠ್ಯ. ನಾನು ಬರೆದಿದ್ದ ಕ್ಯಾಚ್‌ನಲ್ಲಿ ಆ ಕೋಡನ್ನು ಹಾಗೆಯೇ ತೆಗೆದು ನನ್ನ ಎಕ್ಸೆಪ್ಷನ್‌ಗೆ ದಾಟಿಸಿದ್ದೆ. ಒಂದೇ ದಾಖಲೆಯನ್ನು ಎರಡು ಸಲ ಸೇರಿಸುವ ಪರೀಕ್ಷೆಯನ್ನು ಬರೆದು ನೋಡಿದಾಗ ಎಲ್ಲವೂ ಸರಿಯಾಗಿಯೇ ನಡೆಯಿತು, ಏಕೆಂದರೆ ಆ ತಪ್ಪಿನ ಸಂಕೇತ 23000. ಬರಿಯ ಅಂಕಿಗಳಿರುವ ಪಠ್ಯವಾದ್ದರಿಂದ, ಸ್ಟ್ರಿಕ್ಟ್ ಟೈಪ್ಸ್ (ಮೌಲ್ಯದ ಬಗೆಯನ್ನು ತಾನಾಗಿ ಬದಲಿಸಬೇಡ ಎಂಬ) ಘೋಷಣೆ ಇಲ್ಲದ ಆ ಫೈಲಿನಲ್ಲಿ ಪಿಎಚ್‌ಪಿ ಅದನ್ನು ಪೂರ್ಣಾಂಕವಾಗಿ ಮಾರ್ಪಡಿಸಿಕೊಂಡಿತ್ತು. ನಿಜವಾದ ಬಳಕೆಯಲ್ಲಿ, ದಟ್ಟಣೆಯ ಹೊತ್ತಿನಲ್ಲಿ, ಬೇರೊಬ್ಬರು ಹಿಡಿದಿದ್ದ ದಾಖಲೆಯ ಲಾಕ್‌ಗಾಗಿ ಕಾದು ಸಮಯ ಮೀರಿದಾಗ ಬಂದ ಸಂಕೇತ ಎಚ್‌ವೈ000. ಅದನ್ನು ಪೂರ್ಣಾಂಕ ಮಾಡಲಾಗದೆ, ನನ್ನ ಎಕ್ಸೆಪ್ಷನ್ ಹುಟ್ಟುವ ಮೊದಲೇ ಪಿಎಚ್‌ಪಿ ‘ಟೈಪ್ ಎರರ್’ ಎಸೆಯಿತು. ಟೈಪ್ ಎರರ್ ಎಂಬುದು ಎಕ್ಸೆಪ್ಷನ್ ಸಂತತಿಯದಲ್ಲ, ಅದರ ಸೋದರ ಶಾಖೆಯಾದ ‘ಎರರ್’ ಸಂತತಿಯದು. ಹಾಗಾಗಿ ಹೊರಗೆ ಕಾದು ನಿಂತಿದ್ದ ಎಕ್ಸೆಪ್ಷನ್ ಕ್ಯಾಚ್ ಅದನ್ನು ಹಿಡಿಯಲಿಲ್ಲ. ಬಳಕೆದಾರರಿಗೆ ಖಾಲಿ ಪುಟ, ನನಗೆ ಲಾಗ್‌ನಲ್ಲಿ ಟೈಪ್ ಬಗೆಗಿನ ದೂರು. ಲಾಕ್‌ನ ಸುದ್ದಿ ಎಲ್ಲೂ ಇಲ್ಲ. ತಪ್ಪನ್ನು ವರದಿ ಮಾಡಬೇಕಾದ ಕೋಡೇ ಆ ವರದಿಯನ್ನು ಅಳಿಸಿಹಾಕಿದ್ದು ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಅಂದಿನಿಂದ ಕೋಡ್ ಜಾಗದಲ್ಲಿ ಸೊನ್ನೆ ಇಟ್ಟು, ಮೂಲ ಎಕ್ಸೆಪ್ಷನ್ನನ್ನು ಪ್ರೀವಿಯಸ್ ಆಗಿ ಮಾತ್ರ ಕೊಡುತ್ತೇನೆ. ಸಂಕೇತ ಬೇಕಾದವರು ಸರಪಳಿಯಲ್ಲಿ ಇಳಿದು ನೋಡಬಹುದು.

ಎರರ್ ಮತ್ತು ಎಕ್ಸೆಪ್ಷನ್ ಎಂಬ ಈ ಎರಡು ಶಾಖೆಗಳು 2015ರ ಡಿಸೆಂಬರ್‌ನಲ್ಲಿ ಬಂದ 7.0 ಆವೃತ್ತಿಯವು. ಅದಕ್ಕೆ ಮೊದಲು ಪ್ರೋಗ್ರಾಮನ್ನು ಅಲ್ಲಿಯೇ ಕೊಲ್ಲುತ್ತಿದ್ದ ಎಷ್ಟೋ ಮಾರಕ ತಪ್ಪುಗಳು, ಉದಾಹರಣೆಗೆ ಇಲ್ಲದ ಫಂಕ್ಷನ್ನನ್ನು ಕರೆಯುವುದು, ಅಂದಿನಿಂದ ಹಿಡಿಯಬಹುದಾದ ಎರರ್‌ಗಳಾದವು. ಎರಡಕ್ಕೂ ತಾಯಿಬೇರು ‘ಥ್ರೋಅಬಲ್’ ಎಂಬ ಇಂಟರ್‌ಫೇಸ್, ಅಂದರೆ ಕ್ಲಾಸುಗಳು ಪಾಲಿಸಬೇಕಾದ ಒಂದು ಒಪ್ಪಂದ. ನಮ್ಮ ಕ್ಲಾಸುಗಳು ಅದನ್ನು ನೇರವಾಗಿ ಅಳವಡಿಸಿಕೊಳ್ಳುವಂತಿಲ್ಲ, ಎರಡರಲ್ಲಿ ಒಂದು ಶಾಖೆಯ ಮೂಲಕವೇ ಬರಬೇಕು. ಆದರೆ ಥ್ರೋಅಬಲ್‌ನಿಂದ ಹೊರಟ ನಮ್ಮದೇ ಇಂಟರ್‌ಫೇಸ್ ಮಾಡಿ, ನಮ್ಮ ಎಲ್ಲ ಎಕ್ಸೆಪ್ಷನ್‌ಗಳಿಗೂ ಅದರ ಗುರುತು ಹಚ್ಚಬಹುದು. ಲೈಬ್ರರಿ ಬರೆಯುವವರಿಗೆಲ್ಲ ನಾನು ಈ ಕ್ರಮವನ್ನೇ ಶಿಫಾರಸು ಮಾಡುತ್ತೇನೆ. ಬಳಸುವವರು ಬೇಕೆಂದರೆ ನಿರ್ದಿಷ್ಟ ಕ್ಲಾಸನ್ನು ಹಿಡಿಯುತ್ತಾರೆ, ಬೇಡವೆಂದರೆ ಆ ಒಂದು ಗುರುತನ್ನು ಹಿಡಿದು ಲೈಬ್ರರಿಯಿಂದ ಬರುವ ಎಲ್ಲವನ್ನೂ ನಿಭಾಯಿಸುತ್ತಾರೆ.

ಭಾಷೆಯೇ ಕೊಡುವ ಸಿದ್ಧ ಎಕ್ಸೆಪ್ಷನ್‌ಗಳ ಒಂದು ಕುಟುಂಬವೂ ಇದೆ. ‘ಲಾಜಿಕ್ ಎಕ್ಸೆಪ್ಷನ್’ ಪ್ರೋಗ್ರಾಮರ್ ತಿದ್ದಿಕೊಳ್ಳಬೇಕಾದ ತಪ್ಪಿಗೆ, ‘ರನ್‌ಟೈಮ್ ಎಕ್ಸೆಪ್ಷನ್’ ನಡೆಯುವ ಹೊತ್ತಿನಲ್ಲಿ ಮಾತ್ರ ಗೊತ್ತಾಗುವ ತಪ್ಪಿಗೆ. ಈ ವಿಭಜನೆ ಅರ್ಥಪೂರ್ಣವಾದುದು, ನಮ್ಮ ಕ್ಲಾಸುಗಳನ್ನು ಇವೆರಡರಲ್ಲಿ ಒಂದರಿಂದ ಹೊರಡಿಸುವುದು ಒಳ್ಳೆಯದು. ಇವುಗಳ ಮಕ್ಕಳ ಹೆಸರುಗಳು ಮಾತ್ರ ಗೊಂದಲದ ಗೂಡು. ‘ಔಟ್ ಆಫ್ ರೇಂಜ್’ ಮೊದಲನೆಯದರ ಮಗು, ‘ಔಟ್ ಆಫ್ ಬೌಂಡ್ಸ್’ ಎರಡನೆಯದರ ಮಗು, ಸಾಲದ್ದಕ್ಕೆ ‘ರೇಂಜ್ ಎಕ್ಸೆಪ್ಷನ್’ ಎಂಬ ಇನ್ನೊಂದು. ಇವುಗಳ ವ್ಯತ್ಯಾಸವನ್ನು ನೆನಪಿನಿಂದ ಹೇಳಬಲ್ಲ ಸಹೋದ್ಯೋಗಿಯನ್ನು ನಾನು ಇನ್ನೂ ಕಂಡಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ಗಂಭೀರ ದೋಷ ನೇಮ್‌ಸ್ಪೇಸ್‌ಗೆ, ಅಂದರೆ ಹೆಸರುಗಳು ಬೆರೆಯದಂತೆ ಕೋಡನ್ನು ಗುಂಪು ಮಾಡುವ ವ್ಯವಸ್ಥೆಗೆ, ಸಂಬಂಧಿಸಿದ್ದು. ನೇಮ್‌ಸ್ಪೇಸ್ ಇರುವ ಫೈಲಿನಲ್ಲಿ ಕ್ಯಾಚ್‌ನ ಆವರಣದೊಳಗೆ ‘ಎಕ್ಸೆಪ್ಷನ್’ ಎಂದಷ್ಟೇ ಬರೆದರೆ, ಅದರ ಅರ್ಥ ಭಾಷೆಯ ಮೂಲ ಕ್ಲಾಸ್ ಎಂದಾಗುವುದಿಲ್ಲ, ಆ ನೇಮ್‌ಸ್ಪೇಸಿನೊಳಗಿನ ಎಕ್ಸೆಪ್ಷನ್ ಎಂದಾಗುತ್ತದೆ. ಅಂಥ ಕ್ಲಾಸ್ ಎಲ್ಲೂ ಇಲ್ಲದಿರಬಹುದು. ಇಲ್ಲದ ಕ್ಲಾಸಿನ ವಸ್ತುವನ್ನು ಸೃಷ್ಟಿಸಲು ಹೋದರೆ ಪಿಎಚ್‌ಪಿ ಕೂಡಲೇ ತಕರಾರು ಮಾಡುತ್ತದೆ. ಇಲ್ಲದ ಕ್ಲಾಸನ್ನು ಹಿಡಿಯುತ್ತೇನೆಂದು ಬರೆದರೆ ಒಂದು ಮಾತನ್ನೂ ಆಡುವುದಿಲ್ಲ. ಆ ಕ್ಯಾಚ್ ಯಾವುದನ್ನೂ ಎಂದೆಂದಿಗೂ ಹಿಡಿಯದೆ ಸುಮ್ಮನೆ ನಿಂತಿರುತ್ತದೆ. ನಾನು ಬರೆದ ಇಂಥ ಒಂದು ಕ್ಯಾಚ್ ವಾರಗಟ್ಟಲೆ ಕೋಡಿನಲ್ಲಿತ್ತು. ಓದಿದ ಇಬ್ಬರು ಸಹೋದ್ಯೋಗಿಗಳ ಕಣ್ಣನ್ನೂ ಅದು ತಪ್ಪಿಸಿತ್ತು, ಏಕೆಂದರೆ ಓದುವವರಿಗೆ ಅದು ಸಂಪೂರ್ಣ ಸರಿಯಾಗಿ ಕಾಣುತ್ತದೆ. ಕೊರತೆಯಿದ್ದದ್ದು ಹೆಸರಿನ ಮುಂದಿನ ಒಂದು ಹಿಂಬಾಗಿದ ಗೆರೆ (ಬ್ಯಾಕ್‌ಸ್ಲ್ಯಾಶ್), ಅಥವಾ ಫೈಲಿನ ಮೇಲ್ಭಾಗದಲ್ಲಿ ಒಂದು ‘ಯೂಸ್’ ಸಾಲು. ಇದನ್ನು ಸ್ಥಿರ ವಿಶ್ಲೇಷಣೆಯ ಪರಿಕರಗಳು ಕ್ಷಣದಲ್ಲಿ ಪತ್ತೆ ಹಚ್ಚುತ್ತವೆ. ಪಿಎಚ್‌ಪಿಸ್ಟಾನ್‌ನಂಥ ಒಂದು ಪರಿಕರವನ್ನು ಚಾಲನೆಯಲ್ಲಿ ಇಡದೆ ಕಸ್ಟಮ್ ಎಕ್ಸೆಪ್ಷನ್‌ಗಳನ್ನು ಬಳಸಬಾರದು ಎಂದು ನಾನು ಹೇಳುವುದು ಈ ಅನುಭವದಿಂದಲೇ. ಜೊತೆಗೆ, ಪ್ರತಿಯೊಂದು ಕ್ಯಾಚ್‌ಗೂ ಅದು ನಿಜವಾಗಿ ಹಿಡಿಯುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆ ಇರಲೇಬೇಕು.

ಒಂದು ಫಂಕ್ಷನ್ ಯಾವ ಎಕ್ಸೆಪ್ಷನ್‌ಗಳನ್ನು ಎಸೆಯಬಹುದು ಎಂಬುದನ್ನು ಅದರ ತಲೆಸಾಲಿನಲ್ಲೇ (ಸಿಗ್ನೇಚರ್) ಘೋಷಿಸುವ ವ್ಯವಸ್ಥೆ ಜಾವಾದಲ್ಲಿದೆ, ಪಿಎಚ್‌ಪಿಯಲ್ಲಿ ಇಲ್ಲ. ಇಲ್ಲಿ ಇರುವುದು ಕಾಮೆಂಟಿನಲ್ಲಿ ಬರೆಯುವ ‘ಥ್ರೋಸ್’ ಎಂಬ ಟಿಪ್ಪಣಿ ಮಾತ್ರ. ಭಾಷೆ ಅದನ್ನು ಓದುವುದೂ ಇಲ್ಲ, ಜಾರಿಗೊಳಿಸುವುದೂ ಇಲ್ಲ. ಕಡ್ಡಾಯ ಘೋಷಣೆ ಇರುವ ಕಡೆ ಬೇಸತ್ತವರು ಖಾಲಿ ಕ್ಯಾಚ್ ಬರೆದು ಕೈತೊಳೆದುಕೊಳ್ಳುವುದನ್ನು ನೋಡಿರುವುದರಿಂದ ಈ ಕೊರತೆಯ ಬಗ್ಗೆ ನನಗೆ ಹೆಚ್ಚಿನ ಬೇಸರವಿಲ್ಲ.

ಖಾಲಿ ಕ್ಯಾಚ್ ಬಗ್ಗೆ ಬೇಸರವಿದೆ. ಮನುಷ್ಯರ ನಡುವೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ದೊಡ್ಡ ಗುಣ. ಕೋಡಿನಲ್ಲಿ ಅದೇ ಕೆಲಸ ಮಾಡಿದರೆ ಮುಂದೊಂದು ದಿನ ಬೇರೆ ಯಾರೋ ಅದರ ಫಲವನ್ನು ಉಣ್ಣಬೇಕಾಗುತ್ತದೆ. 8.0 ಆವೃತ್ತಿಯಿಂದ ಕ್ಯಾಚ್‌ನಲ್ಲಿ ವೇರಿಯಬಲ್ ಹೆಸರಿಸದೆ ಕ್ಲಾಸನ್ನಷ್ಟೇ ಬರೆಯಬಹುದು. ಹೆಸರೇ ಎಲ್ಲವನ್ನೂ ಹೇಳುವ ಕಸ್ಟಮ್ ಎಕ್ಸೆಪ್ಷನ್‌ಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಮೂಲ ಎಕ್ಸೆಪ್ಷನ್ ಅಥವಾ ಥ್ರೋಅಬಲ್ ಜೊತೆ ಅದನ್ನು ಬಳಸಿದ್ದು ಕಂಡರೆ ಆ ಕೋಡನ್ನು ನಾನು ಒಪ್ಪುವುದಿಲ್ಲ. ಅದೇ ಆವೃತ್ತಿಯಲ್ಲಿ ಥ್ರೋ ಒಂದು ಎಕ್ಸ್‌ಪ್ರೆಷನ್ ಆಯಿತು, ಆದ್ದರಿಂದ ‘ಸದಸ್ಯರು ಸಿಕ್ಕರೆ ಅವರು, ಇಲ್ಲದಿದ್ದರೆ ಎಸೆ’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಬಹುದು. 7.1ರಲ್ಲಿ ಬಂದ, ಒಂದೇ ಕ್ಯಾಚ್‌ನಲ್ಲಿ ಹಲವು ಕ್ಲಾಸುಗಳನ್ನು ಲಂಬ ಗೆರೆಯಿಂದ ಜೋಡಿಸುವ ಸೌಕರ್ಯವೂ ಇಷ್ಟೇ ಉಪಯುಕ್ತ. 5.5ರ ‘ಫೈನಲಿ’ (ತಪ್ಪಾಗಲಿ ಬಿಡಲಿ, ಕೊನೆಗೆ ನಡೆಯುವ ಭಾಗ) ಬಗ್ಗೆ ಒಂದು ಎಚ್ಚರಿಕೆ ಸಾಕು: ಅದರೊಳಗೆ ರಿಟರ್ನ್ ಬರೆದರೆ, ಮೇಲಕ್ಕೆ ಹೋಗುತ್ತಿದ್ದ ಎಕ್ಸೆಪ್ಷನ್ ಸದ್ದಿಲ್ಲದೆ ಮಾಯವಾಗುತ್ತದೆ.

ಭಾಷೆಯ ಒಳಗಿನ ಫಂಕ್ಷನ್‌ಗಳ ಕಡೆ ತಿರುಗಿದರೆ ಚಿತ್ರ ಅಷ್ಟು ಸುಂದರವಲ್ಲ. ನಮ್ಮ ಕೋಡ್ ಎಕ್ಸೆಪ್ಷನ್‌ಗಳ ದಾರಿಯಲ್ಲಿ ನಡೆದರೆ ಹಳೆಯ ಫಂಕ್ಷನ್‌ಗಳು ವಾರ್ನಿಂಗ್ ಮತ್ತು ಫಾಲ್ಸ್‌ಗಳ ದಾರಿಯಲ್ಲೇ ಇವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸ್ಥಿತಿ. ಫೈಲ್ ಓದುವ ಫಂಕ್ಷನ್ ಇಂದಿಗೂ ಒಂದು ವಾರ್ನಿಂಗ್ ಮುದ್ರಿಸಿ ಫಾಲ್ಸ್ ಕೊಡುತ್ತದೆ. ವಾರ್ನಿಂಗ್‌ಗಳನ್ನು ‘ಎರರ್ ಎಕ್ಸೆಪ್ಷನ್’ ಆಗಿ ಮಾರ್ಪಡಿಸುವ ಹ್ಯಾಂಡ್ಲರನ್ನು ನಾವೇ ನೋಂದಾಯಿಸಬಹುದು, ಎಷ್ಟೋ ಫ್ರೇಮ್‌ವರ್ಕ್‌ಗಳು ಅದನ್ನು ತಾವಾಗಿಯೇ ಮಾಡುತ್ತವೆ. ಆವೃತ್ತಿಯಿಂದ ಆವೃತ್ತಿಗೆ ಸುಧಾರಣೆ ಆಗುತ್ತಿದೆ ಎಂಬುದನ್ನೂ ಹೇಳಲೇಬೇಕು. 7.3ರಲ್ಲಿ ಜೇಸನ್ (ದತ್ತಾಂಶ ವಿನಿಮಯದ ಒಂದು ಪಠ್ಯರೂಪ) ಫಂಕ್ಷನ್‌ಗಳಿಗೆ ಎಕ್ಸೆಪ್ಷನ್ ಎಸೆಯುವ ಆಯ್ಕೆ ಬಂತು, 8.0ರಲ್ಲಿ ಪಿಡಿಒ, 8.1ರಲ್ಲಿ ಮೈಎಸ್‌ಕ್ಯುಎಲ್‌ಐ ಎಂಬ ಇನ್ನೊಂದು ಡೇಟಾಬೇಸ್ ವಿಸ್ತರಣೆ ಡಿಫಾಲ್ಟ್ ಆಗಿಯೇ ಎಕ್ಸೆಪ್ಷನ್ ಎಸೆಯತೊಡಗಿದವು. ಅದಕ್ಕೂ ಮುನ್ನ ಪಿಡಿಒ ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು. ವಿಫಲವಾದ ಡೇಟಾಬೇಸ್ ಪ್ರಶ್ನೆಯನ್ನು (ಕ್ವೆರಿ) ಯಶಸ್ವಿ ಎಂದು ನಂಬಿದ ಕೋಡು ಎಷ್ಟಿತ್ತೋ.

ಸುರಕ್ಷತೆಯ ವಿಷಯ ಚಿಕ್ಕದಾಗಿ ಕಂಡರೂ ಬಿಡುವಂಥದ್ದಲ್ಲ. ಸ್ಟ್ಯಾಕ್ ಟ್ರೇಸ್‌ನಲ್ಲಿ ಫಂಕ್ಷನ್‌ಗಳಿಗೆ ಕೊಟ್ಟ ಮೌಲ್ಯಗಳೂ ಸೇರುವುದರಿಂದ, ಲಾಗಿನ್ ಫಂಕ್ಷನ್ನಿನೊಳಗಿಂದ ಎಸೆದ ಎಕ್ಸೆಪ್ಷನ್ ಬಳಕೆದಾರರ ಪಾಸ್‌ವರ್ಡನ್ನು ಲಾಗ್‌ಗೆ ಹೊತ್ತೊಯ್ಯಬಹುದು. 7.4ರಿಂದ ಮೌಲ್ಯಗಳನ್ನೇ ದಾಖಲಿಸದಂತೆ ಮಾಡುವ ಸೆಟ್ಟಿಂಗ್ ಇದೆ, 8.2ರಿಂದ ನಿರ್ದಿಷ್ಟ ಪ್ಯಾರಾಮೀಟರನ್ನು ಸೂಕ್ಷ್ಮವೆಂದು ಗುರುತಿಸಿ, ಟ್ರೇಸ್‌ನಲ್ಲಿ ಅದು ಕಾಣದಂತೆ ಮರೆಮಾಡಬಹುದು. ಪಾಸ್‌ವರ್ಡ್ ಮುಟ್ಟುವ ಪ್ರತಿಯೊಂದು ಫಂಕ್ಷನ್‌ಗೂ ಆ ಗುರುತು ಹಚ್ಚಿ. ಎಲ್ಲಿಯೂ ಹಿಡಿಯದೆ ಉಳಿದ ಎಕ್ಸೆಪ್ಷನ್‌ಗಾಗಿ ಕೊನೆಯ ಹ್ಯಾಂಡ್ಲರ್ ಒಂದನ್ನು ನೋಂದಾಯಿಸಿ, ಬಳಕೆದಾರರಿಗೆ ಸಭ್ಯವಾದ ಪುಟವನ್ನು, ಲಾಗ್‌ಗೆ ಪೂರ್ಣ ಸರಪಳಿಯನ್ನು ಕೊಡಿ. ಸಾರ್ವಜನಿಕರು ಬಳಸುವ ಸರ್ವರ್‌ನಲ್ಲಿ ಎಕ್ಸೆಪ್ಷನ್‌ನ ಸಂದೇಶವನ್ನು ನೇರವಾಗಿ ಪರದೆಗೆ ಬರೆಯಬೇಡಿ. ಟೇಬಲ್ ಹೆಸರು, ಫೈಲಿನ ದಾರಿ, ಏನೇನು ಅದರಲ್ಲಿರುತ್ತದೋ ಹೇಳಲಾಗದು.

ಕ್ಲಾಸಿನ ಹೆಸರಿನ ಬಗ್ಗೆ ಇಲ್ಲೊಂದು ಮಾತು ಸೇರಿಸಬಯಸುತ್ತೇನೆ. ಪಿಎಚ್‌ಪಿಯ ನಿಯಮದಂತೆ ಹೆಸರುಗಳಲ್ಲಿ ಕನ್ನಡ ಅಕ್ಷರಗಳನ್ನು ಬಳಸಬಹುದು. ‘ಅವಧಿಮುಗಿದಿದೆ’ ಎಂಬ ಕ್ಲಾಸ್ ಬರೆದು ಎಸೆದರೆ ಅದು ನಿಜಕ್ಕೂ ನಡೆಯುತ್ತದೆ. ತಂಡದ ಕೋಡಿನಲ್ಲಿ ನಾನು ಹಾಗೆ ಮಾಡುವುದಿಲ್ಲ. ಆದರೆ ಹೊಸಬರಿಗೆ ಕಲಿಸುವಾಗ ಮಾಡುತ್ತೇನೆ, ಏಕೆಂದರೆ ತಪ್ಪಿಗೆ ತಮ್ಮ ಮಾತಿನಲ್ಲಿ ಹೆಸರಿಡಲು ಕೂತವರು ಆ ತಪ್ಪು ನಿಜವಾಗಿ ಏನು ಎಂದು ಯೋಚಿಸಲು ತೊಡಗುತ್ತಾರೆ. ‘ಡೇಟಾಎಕ್ಸೆಪ್ಷನ್’ ಎಂದು ಬರೆಯುತ್ತಿದ್ದವರು ‘ಪ್ರತಿಉಳಿದಿಲ್ಲ’ ಎಂದು ಬರೆಯುತ್ತಾರೆ. ಆ ನಂತರ ಅದನ್ನು ಇಂಗ್ಲಿಷಿಗೆ ತಿರುಗಿಸಿದರೂ ಹೆಸರು ಸ್ಪಷ್ಟವಾಗಿಯೇ ಇರುತ್ತದೆ.

ಹಾಗೆಂದು ಎಲ್ಲಕ್ಕೂ ಎಕ್ಸೆಪ್ಷನ್ ಎಸೆಯುವುದು ಸರಿಯಲ್ಲ. ಓದುಗರು ಹುಡುಕಿದ ಶೀರ್ಷಿಕೆ ಪಟ್ಟಿಯಲ್ಲಿ ಇಲ್ಲದಿರುವುದು ದಿನಕ್ಕೆ ನೂರು ಸಲ ನಡೆಯುವ ಸಹಜ ಸಂಗತಿ, ಅದಕ್ಕೆ ಖಾಲಿ ಪಟ್ಟಿಯೇ ಸರಿಯಾದ ಉತ್ತರ. ಅದೇ ಓದುಗರು ಈಗಾಗಲೇ ಕಾಯ್ದಿರಿಸಿದ ಪುಸ್ತಕದ ಸಂಖ್ಯೆ ಪಟ್ಟಿಯಲ್ಲಿ ಸಿಗದಿದ್ದರೆ ಮಾತ್ರ ದಾಖಲೆಗಳಲ್ಲಿ ಎಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. ಅಲ್ಲಿ ಎಸೆಯಬೇಕು, ಪುಸ್ತಕದ ಸಂಖ್ಯೆಯನ್ನೂ ಕಾಯ್ದಿರಿಸಿದ ದಿನಾಂಕವನ್ನೂ ಜೊತೆಗೆ ಕಟ್ಟಿ ಎಸೆಯಬೇಕು.